ಗಣರಾಜ್ಯದ ಹೆಸರಿನಲ್ಲಿ ಒಬ್ಬ ಚಕ್ರವರ್ತಿ

ವರ್ಷದ ಎಂಟನೆಯ ತಿಂಗಳಿಗೆ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಹೆಸರಿದೆ ಎಂಬುದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಹೆಸರನ್ನು ಇಟ್ಟವರು ಯಾರು ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕ್ರಿ.ಪೂ. 8ರಲ್ಲಿ ಅದನ್ನು ಇಟ್ಟದ್ದು ರೋಮಿನ ಸೆನೆಟ್. ಅಂದರೆ, ಯಾವ ಸಭೆಯ ಅಧಿಕಾರವನ್ನು ಆತ ಬರಿದು ಮಾಡಿದನೋ ಅದೇ ಸಭೆ, ವಿಧಿವತ್ತಾಗಿ ಕಲೆತು, ನಿರ್ಣಯ ಅಂಗೀಕರಿಸಿ ನೀಡಿದ ಗೌರವ ಅದು. ಅಗಸ್ಟಸ್‌ನ ಏಳಿಗೆಯ ರಹಸ್ಯವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ ಎಂದು ನನಗೆ ಅನಿಸುತ್ತದೆ. ಆತ ಗಣರಾಜ್ಯವನ್ನು ರದ್ದು ಮಾಡಲಿಲ್ಲ. ಅದನ್ನು ಮರಳಿ ಸ್ಥಾಪಿಸಿದೆನೆಂದು ಘೋಷಿಸಿ, ಅದರೊಳಗೇ ಸಾಮ್ರಾಜ್ಯವನ್ನು ಕಟ್ಟಿದ.

ರೋಮನ್ನರಿಗೆ ‘ಅರಸ’ ಎಂಬುದು ಬೈಗುಳದಂಥ ಪದವಾಗಿತ್ತು. ಸಂಪ್ರದಾಯದ ಎಣಿಕೆಯಂತೆ ಕ್ರಿ.ಪೂ. 509ರಲ್ಲಿ ಕೊನೆಯ ಅರಸನನ್ನು ಓಡಿಸಿದ ಬಳಿಕ ಅವರು ವರ್ಷಕ್ಕೊಮ್ಮೆ ಇಬ್ಬರು ಕಾನ್ಸಲ್‌ಗಳನ್ನು ಆರಿಸುತ್ತಿದ್ದರು. ಒಬ್ಬನ ನಿರ್ಧಾರವನ್ನು ಇನ್ನೊಬ್ಬ ತಡೆಯಬಹುದಿತ್ತು. ಆಜೀವ ಸರ್ವಾಧಿಕಾರಿಯಾದ ಜೂಲಿಯಸ್ ಸೀಸರ್ ಕೆಲವೇ ವಾರಗಳಲ್ಲಿ, ಕ್ರಿ.ಪೂ. 44ರ ಮಾರ್ಚ್ 15ರಂದು, ಸೆನೆಟರ್‌ಗಳ ಕಠಾರಿಗೆ ಬಲಿಯಾದ. ಆತನ ಸೋದರಿಯ ಮೊಮ್ಮಗ ಆಕ್ಟೇವಿಯಸ್‌ಗೆ ಆಗ 18 ವರ್ಷ. ಇಂದಿನ ಆಲ್ಬೇನಿಯಾದಲ್ಲಿರುವ ಅಪೊಲೋನಿಯಾದಲ್ಲಿದ್ದ ಆ ಹುಡುಗನಿಗೆ, ಸೀಸರ್ ತನ್ನನ್ನು ಉಯಿಲಿನ ಮೂಲಕ ದತ್ತುಪುತ್ರನನ್ನಾಗಿ ಮಾಡಿಕೊಂಡಿದ್ದಾನೆಂಬ ಸುದ್ದಿ ತಲುಪಿತು. ಆತ ಹಿಂಜರಿಯಲಿಲ್ಲ. ಸೀಸರನ ಹೆಸರನ್ನು ಮುಂದಿಟ್ಟುಕೊಂಡು ಹಳೆಯ ಸೈನಿಕರನ್ನು ಒಗ್ಗೂಡಿಸಿದ. ಮರುವರ್ಷ ಅದೇ ಸೈನ್ಯದೊಂದಿಗೆ ರೋಮಿನ ಮೇಲೆ ನಡೆದು, 19ನೆಯ ವಯಸ್ಸಿಗೇ ಕಾನ್ಸಲ್ ಆದ.

ಮಾರ್ಕ್ ಆಂಟನಿಯ ವಿರುದ್ಧ ಈ ತರುಣನನ್ನು ಬಳಸಿಕೊಳ್ಳಬಹುದೆಂದು ಲೆಕ್ಕ ಹಾಕಿದವನು ಗಣರಾಜ್ಯದ ಮಹಾ ವಾಗ್ಮಿ ಸಿಸೆರೊ. ತರುಣನಾದರೋ ಆಂಟನಿ ಮತ್ತು ಲೆಪಿಡಸ್‌ರೊಂದಿಗೆ ಕೈಜೋಡಿಸಿದ. ಮೂವರೂ ಕುಳಿತು ಕೊಲ್ಲಬೇಕಾದವರ ಪಟ್ಟಿ ಸಿದ್ಧಪಡಿಸಿದರು. ಕ್ರಿ.ಪೂ. 43ರ ಡಿಸೆಂಬರ್‌ನಲ್ಲಿ ಸಿಸೆರೊನ ರುಂಡವನ್ನೂ ಕೈಗಳನ್ನೂ, ಆತ ಭಾಷಣ ಮಾಡುತ್ತಿದ್ದ ಅದೇ ವೇದಿಕೆಯ ಮೇಲೆ ಪ್ರದರ್ಶನಕ್ಕಿಡಲಾಯಿತು. ಮುಂದೆ ಶಾಂತಿಯ ಪ್ರವರ್ತಕನೆನಿಸಿಕೊಂಡವನ ಆರಂಭ ಇಂಥದ್ದು. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಕದನದಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರರನ್ನು ಸೋಲಿಸಿ, ಮರುವರ್ಷ ಈಜಿಪ್ಟನ್ನು ವಶಪಡಿಸಿಕೊಂಡ ಮೇಲೆ ಆತನಿಗೆ ಎದುರಾಳಿಗಳೇ ಉಳಿಯಲಿಲ್ಲ.

ಇಲ್ಲಿಯವರೆಗಿನದು ಹಲವು ದಂಡನಾಯಕರ ಕಥೆಯೂ ಹೌದು. ಅಗಸ್ಟಸ್ ಅವರಿಂದ ಬೇರೆಯಾಗುವುದು ಗೆದ್ದ ನಂತರ. ಕ್ರಿ.ಪೂ. 27ರ ಜನವರಿಯಲ್ಲಿ ಆತ ಸೆನೆಟ್ ಮುಂದೆ ನಿಂತು ತನ್ನ ಅಸಾಧಾರಣ ಅಧಿಕಾರಗಳನ್ನು ಬಿಟ್ಟುಕೊಟ್ಟ. ಕೃತಜ್ಞ ಸಭೆ ಆತನಿಗೆ ‘ಪೂಜ್ಯ’ ಎಂಬ ಅರ್ಥದ ‘ಅಗಸ್ಟಸ್’ ಬಿರುದನ್ನಿತ್ತಿತು. ಜತೆಗೆ, ಅಶಾಂತಿ ಹೆಚ್ಚಿದ್ದ ಪ್ರಾಂತ್ಯಗಳ ಹೊಣೆಯನ್ನೂ ವಹಿಸಿತು. ಸೈನ್ಯದ ಬಹುಪಾಲು ತುಕಡಿಗಳು ಬೀಡುಬಿಟ್ಟಿದ್ದುದು ಆ ಪ್ರಾಂತ್ಯಗಳಲ್ಲೇ. ರೋಮಿಗೆ ಧಾನ್ಯ ಒದಗಿಸುತ್ತಿದ್ದ ಈಜಿಪ್ಟಿಗಂತೂ ಆತನ ಅಪ್ಪಣೆಯಿಲ್ಲದೆ ಯಾವ ಸೆನೆಟರ್ ಕೂಡ ಕಾಲಿಡುವಂತಿರಲಿಲ್ಲ.

ಕ್ರಿ.ಪೂ. 23ರ ಹೆಜ್ಜೆ ಇನ್ನೂ ಸೂಕ್ಷ್ಮವಾದದ್ದು. ಶ್ರೀಮಂತ ಅಧಿಕಾರಿಗಳಿಂದ ಜನಸಾಮಾನ್ಯರನ್ನು ಕಾಪಾಡಲೆಂದು ರೋಮಿನಲ್ಲಿ ಟ್ರಿಬ್ಯೂನ್ ಎಂಬ ಹುದ್ದೆಯಿತ್ತು. ಯಾವುದೇ ನಿರ್ಣಯವನ್ನು ತಡೆಯುವ ಹಕ್ಕು ಅದಕ್ಕಿತ್ತು. ಅಗಸ್ಟಸ್ ಆ ಹುದ್ದೆಗೇರದೆಯೇ ಅದರ ಅಧಿಕಾರವನ್ನಷ್ಟೇ ಜೀವನಪರ್ಯಂತ ಪಡೆದುಕೊಂಡ. ಹುದ್ದೆಗಳು ಇದ್ದಲ್ಲೇ ಇದ್ದವು, ಕಾನ್ಸಲ್‌ಗಳು ಪ್ರತಿವರ್ಷ ಬರುತ್ತಿದ್ದರು, ಸೆನೆಟ್ ಸೇರುತ್ತಿತ್ತು. ಅಧಿಕಾರ ಮಾತ್ರ ಅಲ್ಲಿರಲಿಲ್ಲ. ತನ್ನನ್ನು ಆತ ಅರಸನೆಂದು ಕರೆದುಕೊಳ್ಳಲಿಲ್ಲ. ‘ಪ್ರಿನ್ಸೆಪ್ಸ್’ ಅಂದರೆ ಪ್ರಥಮ ಪ್ರಜೆ ಎಂದಷ್ಟೇ ಹೇಳಿಕೊಂಡ. ಕಾಲಾಂತರದಲ್ಲಿ ಅದೇ ಪದದಿಂದ ‘ಪ್ರಿನ್ಸ್’, ಅಂದರೆ ರಾಜಕುಮಾರ, ಹುಟ್ಟಿದ್ದು ಭಾಷೆ ಹೇಳಿದ ಸತ್ಯ.

ಜನ ಇದನ್ನು ಒಪ್ಪಿದ್ದೇಕೆ? ಅವರು ಮೂಢರಾಗಿದ್ದರೆಂದು ಹೇಳಿಬಿಡುವುದು ಅನ್ಯಾಯವಾದೀತು. ಅದಕ್ಕೆ ಮೊದಲು ಎರಡು ಮೂರು ತಲೆಮಾರು ಅಂತರ್ಯುದ್ಧಗಳಲ್ಲಿ ಬೆಂದಿದ್ದವು. ಗಣರಾಜ್ಯವೆಂದರೆ ಪ್ರಾಂತ್ಯಗಳ ಪಾಲಿಗೆ ಸುಲಿಗೆಕೋರ ರಾಜ್ಯಪಾಲರ ಆಳ್ವಿಕೆಯಾಗಿತ್ತು. ಅಗಸ್ಟಸ್ ಸೈನ್ಯದ ಗಾತ್ರವನ್ನು ತಗ್ಗಿಸಿದ. ನಿವೃತ್ತ ಸೈನಿಕರಿಗಾಗಿ ಕ್ರಿ.ಶ. 6ರಲ್ಲಿ ಪ್ರತ್ಯೇಕ ಖಜಾನೆ ತೆರೆದು, ಅದಕ್ಕೆ ವಾರಸಾ ಆಸ್ತಿಯ ಮೇಲೆ ಶೇ. 5ರ ತೆರಿಗೆ ಹಾಕಿದ. ಅದೇ ವರ್ಷ ರಾಜಧಾನಿಗೆ ಬೆಂಕಿ ಆರಿಸುವ ಕಾವಲುಪಡೆ ಬಂತು. ಕಡಲ ವ್ಯಾಪಾರ ವಿಸ್ತರಿಸಿತು. ಈಜಿಪ್ಟಿನ ಒಂದು ಬಂದರಿನಿಂದಲೇ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂದು ಸಮಕಾಲೀನ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಶಾಂತಿ ನಿಜವಾದದ್ದೇ. ಆ ಕಾರಣಕ್ಕೇ ಅದರ ಬೆಲೆ ಎಷ್ಟೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಬೆಲೆಯ ಸುಳಿವು ನಮ್ಮ ನೆಲದಲ್ಲೇ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ದೊರೆತಿರುವುದು ಇತಿಹಾಸಾಸಕ್ತರಿಗೆ ತಿಳಿದಿದೆ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಅಗಸ್ಟಸ್‌ನ ಬೆಳ್ಳಿ ನಾಣ್ಯಗಳಲ್ಲಿ ಬಹುತೇಕ ಒಂದೇ ಬಗೆಯವು. ಒಂದು ಮುಖದಲ್ಲಿ ‘ರಾಷ್ಟ್ರಪಿತ’ ಎಂಬ ಬಿರುದಿನೊಂದಿಗೆ ಅಗಸ್ಟಸ್‌ನ ತಲೆ. ಇನ್ನೊಂದರಲ್ಲಿ ಗುರಾಣಿ, ಈಟಿಗಳ ನಡುವೆ ನಿಂತ ಇಬ್ಬರು ತರುಣರು. ಅವರು ಗೇಯಸ್ ಮತ್ತು ಲೂಸಿಯಸ್. ಮಗಳು ಜೂಲಿಯಾಳ ಮಕ್ಕಳಾದ ಅವರನ್ನು ಆತ ದತ್ತು ತೆಗೆದುಕೊಂಡಿದ್ದ. ಹಳೆಯ ಗಣರಾಜ್ಯದಲ್ಲಿ 40 ದಾಟಿದವರಷ್ಟೇ ಏರಬಹುದಾಗಿದ್ದ ಕಾನ್ಸಲ್ ಹುದ್ದೆಯನ್ನು 15ರ ಹರೆಯದಲ್ಲೇ ಗೇಯಸ್‌ಗೆ ಮುಂಗಡವಾಗಿ ಕಾದಿರಿಸಲಾಯಿತು. ಗಣರಾಜ್ಯವನ್ನು ಮರಳಿಸಿದೆನೆಂದವನು ಮೊಮ್ಮಕ್ಕಳನ್ನು ನಾಣ್ಯದ ಮೇಲೆ ಅಚ್ಚೊತ್ತಿಸಿದ್ದ. ಸೆನೆಟ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಆ ನಾಣ್ಯಗಳು ಕಡಲು ದಾಟಿ ಬಂದು ಹೇಳುತ್ತಿದ್ದವು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಉತ್ತರಾಧಿಕಾರ ಮಲಮಗ ಟೈಬೀರಿಯಸ್‌ಗೆ ಹೋಯಿತು. ಹೆಸರು ಬದಲಾಯಿತೇ ಹೊರತು ಮನೆತನದ ಹಿಡಿತ ತಪ್ಪಲಿಲ್ಲ.

ಕ್ರಿ.ಶ. 14ರ ಆಗಸ್ಟ್ 19ರಂದು, 76 ತುಂಬಲು ತಿಂಗಳಷ್ಟೇ ಇರುವಾಗ, ಅಗಸ್ಟಸ್ ಕಣ್ಮುಚ್ಚಿದ. ಅದೇ ವರ್ಷ ಅಧಿಕಾರಿಗಳ ಚುನಾವಣೆ ಜನರ ಕೈಯಿಂದ ಸೆನೆಟ್‌ಗೆ ವರ್ಗವಾಯಿತು. ಜನ ಒಂದಿಷ್ಟು ಗೊಣಗಿದರು, ಅಷ್ಟೇ, ಎನ್ನುತ್ತಾನೆ ಇತಿಹಾಸಕಾರ ಟ್ಯಾಸಿಟಸ್. ಗಣರಾಜ್ಯವನ್ನು ಕಣ್ಣಾರೆ ಕಂಡವರು ಆಗ ಬೆರಳೆಣಿಕೆಯಷ್ಟೂ ಉಳಿದಿರಲಿಲ್ಲ. ಕ್ರಿ.ಶ. 41ರಲ್ಲಿ ಕಲಿಗುಲಾನ ಕೊಲೆಯಾದಾಗ ಗಣರಾಜ್ಯವನ್ನು ಮರಳಿ ತರಬೇಕೆಂದು ಸೆನೆಟ್‌ನಲ್ಲಿ ಚರ್ಚೆ ನಡೆಯಿತು. ಚರ್ಚೆ ಮುಗಿಯುವಷ್ಟರಲ್ಲಿ ಅಂಗರಕ್ಷಕ ಪಡೆ ಕ್ಲಾಡಿಯಸ್‌ನನ್ನು ಚಕ್ರವರ್ತಿಯೆಂದು ಕೂಗಿಬಿಟ್ಟಿತ್ತು. ಆ ಪಡೆಯನ್ನು ಕಾಯಂ ಆಗಿ ಕಟ್ಟಿದವನೂ ಅಗಸ್ಟಸನೇ.

ಆತನ ಪರಂಪರೆ ಪ್ರಾಚೀನ ಕಾಲಕ್ಕೇ ನಿಲ್ಲಲಿಲ್ಲ. 1937ರಲ್ಲಿ ಮುಸೊಲಿನಿ ಅಗಸ್ಟಸ್ ಜನಿಸಿದ 2000ನೆಯ ವರ್ಷದ ಹೆಸರಲ್ಲಿ ರೋಮಿನಲ್ಲಿ ಭಾರೀ ಪ್ರದರ್ಶನ ಏರ್ಪಡಿಸಿ, ತಾನೇ ಆತನ ವಾರಸುದಾರನೆಂಬಂತೆ ಮೆರೆದ. ಎರಡು ವರ್ಷದ ನಂತರ, 1939ರಲ್ಲಿ, ರೊನಾಲ್ಡ್ ಸೈಮ್ ಎಂಬ ವಿದ್ವಾಂಸ ‘ದಿ ರೋಮನ್ ರೆವಲ್ಯೂಷನ್’ ಕೃತಿಯಲ್ಲಿ, ಅಗಸ್ಟಸ್‌ನ ಏಳಿಗೆಯನ್ನು ಒಂದು ಗುಂಪು ಅಧಿಕಾರವನ್ನು ಕಬಳಿಸಿದ ಕಥೆಯಾಗಿ ಬಿಡಿಸಿಟ್ಟರು. ಒಂದೇ ಜೀವನವನ್ನು ಒಬ್ಬ ಮಾದರಿಯೆಂದು ಓದಿದ, ಇನ್ನೊಬ್ಬರು ಎಚ್ಚರಿಕೆಯೆಂದು ಓದಿದರು.

ನಾನು ಎರಡನೆಯ ಓದಿನ ಕಡೆಗಿದ್ದೇನೆ. ಆದರೆ ಅಗಸ್ಟಸ್‌ನನ್ನು ಬರಿಯ ಖಳನಾಯಕನನ್ನಾಗಿ ಚಿತ್ರಿಸಿದರೆ ಆ ಎಚ್ಚರಿಕೆಯ ಮೊನೆ ಮೊಂಡಾಗುತ್ತದೆ. ಆತ ಸಮರ್ಥ, ಶ್ರಮಜೀವಿ, ಜನಪ್ರಿಯ. ಇಂಥ ಆಡಳಿತಗಾರನ ಕೈಯಲ್ಲೇ ಸಂಸ್ಥೆಗಳು ಸದ್ದಿಲ್ಲದೆ ಸಾಯುವುದು ಸುಲಭ. ಸಭೆ ಸೇರುತ್ತಿದೆಯೇ, ಚುನಾವಣೆ ನಡೆಯುತ್ತಿದೆಯೇ ಎಂದು ಕೇಳಿ ತೃಪ್ತರಾಗುವುದು ಸಾಲದು. ಅಗಸ್ಟಸ್‌ನ ರೋಮಿನಲ್ಲಿ ಅವೆಲ್ಲ ಇದ್ದವು. ಆ ಸಭೆ ಆತನಿಗೆ ಒಮ್ಮೆಯಾದರೂ ‘ಆಗದು’ ಎಂದು ಹೇಳಿ ಉಳಿಯಬಲ್ಲದಾಗಿತ್ತೇ ಎಂಬ ಪ್ರಶ್ನೆಯನ್ನು ರೋಮನ್ನರು ಕಾಲವಿರುವಾಗ ಕೇಳಲಿಲ್ಲ. ಯಾವ ಗಣರಾಜ್ಯದ ಪ್ರಜೆಗಳೇ ಆಗಲಿ, ಆಗಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.