ಹೊಂಗೆ ಎಣ್ಣೆ: ಪಂಪ್‌ಸೆಟ್ಟಿಗೆ ಸರಿ ಹೋಯ್ತು, ಪಿಕಪ್‌ಗೆ ಯಾಕೆ ಕೈಕೊಟ್ಟಿತು?

ಕಳೆದ ಡಿಸೆಂಬರ್‌ನ ಒಂದು ದಿನ, ಬೆಳಗಿನ ಜಾವ ನಾಲ್ಕೂವರೆ. ದಾಬಸ್‌ಪೇಟೆ ದಾಟಿ ಸ್ವಲ್ಪ ಮುಂದೆ ನಮ್ಮ ಪಿಕಪ್ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ನಿಂತೇ ಹೋಯ್ತು. ಹಿಂದೆ ಹನ್ನೊಂದು ಕ್ರೇಟ್ ಸೊಪ್ಪು, ಎಂಟು ಕ್ರೇಟ್ ಟೊಮೆಟೊ, ನುಗ್ಗೆಕಾಯಿ ಕಟ್ಟು. ಆರೂವರೆಯೊಳಗೆ ಬೆಂಗಳೂರಿನ ಸಾವಯವ ಅಂಗಡಿಗಳಿಗೆ ಮುಟ್ಟಬೇಕು. ಗಾಡಿ ಓಡಿಸ್ತಿದ್ದವನು ನನ್ನ ಚಿಕ್ಕಪ್ಪನ ಮಗ. ಗಾಡಿ ಅವನದು, ಸಾಲವೂ ಅವನದು. ಟ್ಯಾಂಕಿಗೆ ಹೊಂಗೆ ಎಣ್ಣೆ ಬೆರೆಸು ಅಂತ ಹೇಳಿದವನು ನಾನು.

"ಅಣ್ಣಾ, ಎಣ್ಣೆದೇ ಕಿತಾಪತಿ ಅನ್ಸುತ್ತೆ" ಅಂದ. ಅಷ್ಟೇ. ಎರಡು ಮಾತು ಬೈದಿದ್ದರೆ ನನಗೆ ಸಮಾಧಾನ ಆಗ್ತಿತ್ತು.

ಡೀಸೆಲ್‌ಗೆ ಎಣ್ಣೆ ಬೆರೆಸಿ ದುಡ್ಡು ಉಳಿಸಿ ಅನ್ನುವ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ. ಅದರಲ್ಲಿ ಪೂರ್ತಿ ಸುಳ್ಳೇ ಇರುತ್ತೆ ಅಂತಲ್ಲ, ಅರ್ಧ ನಿಜ ಇರುತ್ತೆ. ನಾನು ಸಿಕ್ಕಿಬಿದ್ದಿದ್ದು ಆ ಅರ್ಧ ನಿಜದಲ್ಲೇ. ಅದಕ್ಕೇ ಈ ವಾರ ಇದನ್ನು ಬರೀತಿದ್ದೇನೆ.

ಪಂಪ್‌ಸೆಟ್ ಕಲಿಸಿದ ಅರ್ಧ ಪಾಠ

ನಮ್ಮ ಬದುಗಳಲ್ಲಿ ಹೊಂಗೆ ಮರಗಳಿವೆ. ಸೊಪ್ಪು ಗೊಬ್ಬರಕ್ಕೆ, ಹಿಂಡಿ ತೋಟಕ್ಕೆ, ಎಣ್ಣೆಯನ್ನು ಸೋಪಿನ ಜೊತೆ ಕಲಸಿ ಸಿಂಪಡಣೆಗೆ ಬಳಸ್ತೀವಿ. ಎಲ್ಲವೂ ನಮ್ಮ ಜಮೀನಿನದೇ ಆಗಬೇಕು ಅನ್ನೋ ಹಠದಲ್ಲಿ ಇಂಧನವೂ ಯಾಕಾಗಬಾರದು ಅನ್ನಿಸಿತು. ಅಜ್ಜನ ಕಾಲದ ನಿಧಾನ ಓಟದ ಡೀಸೆಲ್ ಇಂಜಿನ್ ಪಂಪ್‌ಸೆಟ್ ಒಂದು ಮೂಲೆಯಲ್ಲಿತ್ತು. ಅದಕ್ಕೆ ಸೋಸಿದ ಹೊಂಗೆ ಎಣ್ಣೆ ಹಾಕಿದೆ. ಓಡಿತು! ಎರಡು ಬೇಸಿಗೆ ನೀರು ಎತ್ತಿತು.

ಇದರಲ್ಲಿ ಪವಾಡ ಏನೂ ಇಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಸಣ್ಣ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲೇ ನೋಡಿದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಮತ್ತು ತಂಡದವರು ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಆ ಕರೆಂಟಿನಲ್ಲಿ ಬೋರ್‌ವೆಲ್ ನೀರು ಎತ್ತಿಸಿದ್ದರು. ಕಗ್ಗನಹಳ್ಳಿಯ ಕೆಲಸದ ಬಗ್ಗೆ ನಾವು ಓದುವಾಗಲೇ ಕೇಳಿದ್ದೆವು.

ಆದರೆ ನಾನು ಗಮನಿಸದೇ ಬಿಟ್ಟಿದ್ದು ಒಂದಿತ್ತು. ಆ ಉದಾಹರಣೆಗಳೆಲ್ಲ ಒಂದೇ ಜಾಗದಲ್ಲಿ ನಿಂತು, ಒಂದೇ ವೇಗದಲ್ಲಿ, ಒಂದೇ ಭಾರ ಹೊತ್ತು, ಬಿಸಿಯಾಗಿಯೇ ಓಡುವ ಇಂಜಿನ್‌ಗಳು. ಪಿಕಪ್ ಹಾಗಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗಬೇಕು, ಟೋಲ್‌ನಲ್ಲಿ ಐಡ್ಲಿಂಗ್‌ನಲ್ಲಿ ನಿಲ್ಲಬೇಕು, ಫ್ಲೈಓವರ್ ಹತ್ತಬೇಕು, ಟ್ರಾಫಿಕ್‌ನಲ್ಲಿ ತೆವಳಬೇಕು.

ಪಂಪ್‌ಸೆಟ್ ಓಡಿದ ಧೈರ್ಯದಲ್ಲಿ ತಮ್ಮನ ಹೊಸ ಬಿಎಸ್ 6 ಪಿಕಪ್‌ಗೆ ಶೇಕಡಾ 20ರಷ್ಟು ಹೊಂಗೆ ಎಣ್ಣೆ ಬೆರೆಸಿಸಿದೆ. ಎರಡು ತಿಂಗಳು ಏನೂ ಆಗಲಿಲ್ಲ. ಅದೇ ಮೋಸ.

ನಾಜಲ್ ಒಳಗೆ ಏನಾಗುತ್ತೆ?

ನೀವು ಡ್ರಿಪ್‌ಗೆ ಜೀವಾಮೃತವನ್ನು ಸರಿಯಾಗಿ ಸೋಸದೆ ಬಿಟ್ಟಿದ್ದೀರಾ? ಮೊದಲ ದಿನ ಎಲ್ಲಾ ಕಡೆ ಹನಿ ಬೀಳುತ್ತೆ. ಹದಿನೈದು ದಿನ ಬಿಟ್ಟು ನೋಡಿದರೆ ಸಾಲಿಗೆ ಸಾಲೇ ಒಣಗಿರುತ್ತೆ. ಇಂಜಿನ್‌ನಲ್ಲೂ ಹೆಚ್ಚುಕಡಿಮೆ ಅದೇ ಕಥೆ.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಚಳಿ ಬಿದ್ದರೆ ಇನ್ನೂ ಮಂದ. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಇಂಧನ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ, ಒಂದೆರಡು ಕೂದಲೆಳೆ ದಪ್ಪದ ತೂತುಗಳಿಂದ ಮಂಜಿನ ಹಾಗೆ ಚಿಮ್ಮಬೇಕು. ಮಂದ ಎಣ್ಣೆ ಮಂಜಾಗಲ್ಲ, ದಪ್ಪ ಹನಿಯಾಗುತ್ತೆ. ದಪ್ಪ ಹನಿ ಪೂರ್ತಿ ಉರಿಯಲ್ಲ. ಉರಿಯದೆ ಉಳಿದದ್ದು ನಾಜಲ್ ತುದಿಯಲ್ಲಿ ಮಸಿಯಾಗಿ ಕಟ್ಟುತ್ತೆ, ಪಿಸ್ಟನ್ ರಿಂಗ್‌ಗಳನ್ನು ಅಂಟಿಸುತ್ತೆ, ಪಕ್ಕದಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತೆ. ಅಲ್ಲಿ ದಿನ ಕಳೆದಂತೆ ಅದು ಬಿಸಿಗೆ ಗಟ್ಟಿಯಾಗಿ ಆಯಿಲನ್ನೇ ಕೆಡಿಸುತ್ತೆ. ಜೊತೆಗೆ ಗಾಣದ ಎಣ್ಣೆಯಲ್ಲಿ ಅಂಟೂ ಇರುತ್ತೆ, ಆಮ್ಲದ ಅಂಶವೂ ಇರುತ್ತೆ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತೆ, ಇವು ಹೋಗಲ್ಲ.

ಮೆಕ್ಯಾನಿಕ್ ನಮ್ಮ ಗಾಡಿಯ ಡೀಸೆಲ್ ಫಿಲ್ಟರ್ ಬಿಚ್ಚಿ ತೋರಿಸಿದರು. ಬೆಲ್ಲದ ಪಾಕ ಅದ್ದಿದ ಹಾಗಿತ್ತು. ಇಂಜೆಕ್ಟರ್‌ಗಳ ತುದಿ ಕರಿ ಹಿಡಿದಿತ್ತು. "ಸಾರ್, ಟ್ಯಾಂಕಿಗೆ ಏನ್ ಹಾಕಿದ್ರಿ?" ಅಂತ ಕೇಳಿದಾಗ ತಮ್ಮ ನನ್ನ ಮುಖ ನೋಡಿದ. ವಾರಂಟಿ ಸಿಗಲಿಲ್ಲ. ಸಿಗಬೇಕಾಗೂ ಇರಲಿಲ್ಲ, ತಪ್ಪು ನಮ್ಮದೇ.

ಬಯೋಡೀಸೆಲ್ ಬೇರೆ, ಹೊಂಗೆ ಎಣ್ಣೆ ಬೇರೆ

ಬಹಳ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್‌ನಂತಹ ಕ್ಷಾರ ಸೇರಿಸಿ, ಹದವಾಗಿ ಬಿಸಿ ಮಾಡಿ ತಿರುವಿದಾಗ ಎಣ್ಣೆಯ ದೊಡ್ಡ ಅಣು ಒಡೆಯುತ್ತೆ. ತಳದಲ್ಲಿ ಗ್ಲಿಸರಿನ್ ನಿಲ್ಲುತ್ತೆ, ಮೇಲೆ ತೆಳುವಾದ ಬಯೋಡೀಸೆಲ್ ನಿಲ್ಲುತ್ತೆ. ಅದನ್ನು ತೊಳೆದು, ನೀರಿನಂಶ ತೆಗೆದು, ಪರೀಕ್ಷೆ ಮಾಡಬೇಕು. ಪಾಸಾಗಬೇಕಾದ ಮಾನದಂಡ ಐಎಸ್ 15607. ಅದರಲ್ಲಿ ಪಾಸಾದದ್ದು ಮಾತ್ರ ಬಯೋಡೀಸೆಲ್. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆ, ಬೇವು, ಹಿಪ್ಪೆಯಂತಹ ಮರಗಳ ಬೀಜದಿಂದ ಇಂಧನದವರೆಗಿನ ದಾರಿ ತಿಳಿಯಬೇಕು ಅನ್ನುವವರು ಅಂಥ ಕಡೆ ವಿಚಾರಿಸಿ.

ಮನೆಯಲ್ಲೇ ಮಾಡ್ತೀನಿ ಅನ್ನುವವರಿಗೆ ಒಂದು ಮಾತು. ಮೆಥನಾಲ್ ವಿಷ. ಅದರ ಆವಿ ಉಸಿರಿಗೂ ಕೆಟ್ಟದ್ದು, ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಮಕ್ಕಳು, ದನಕರು ಓಡಾಡುವ ಕಡೆ ಈ ಸಾಹಸ ಬೇಡ. ಹೊಂಗೆ ಎಣ್ಣೆ ಹಳೆಯದಾಗಿ ಆಮ್ಲ ಜಾಸ್ತಿ ಇದ್ದರೆ ಬಯೋಡೀಸೆಲ್ ಬದಲು ಸೋಪೇ ಆಗುತ್ತೆ. ಹೋಟೆಲ್‌ನಲ್ಲಿ ಕರಿದು ಉಳಿದ ಎಣ್ಣೆಯದೂ ಇದೇ ಕಥೆ: ಅದೂ ಒಳ್ಳೆ ಕಚ್ಚಾ ವಸ್ತು, ಆದರೆ ಕಾರ್ಖಾನೆಗೆ ಹೋಗಬೇಕು, ನೇರ ಟ್ಯಾಂಕಿಗಲ್ಲ.

ಬಯೋಡೀಸೆಲ್ ಅಂತ ಬೋರ್ಡ್ ಹಾಕಿ ಕಡಿಮೆ ರೇಟಿಗೆ ಮಾರುವವರು ಸಿಕ್ಕರೆ ಐಎಸ್ 15607 ಪರೀಕ್ಷಾ ವರದಿ ಕೇಳಿ. ವರದಿ ಇಲ್ಲ ಅಂದರೆ ಗಾಡಿ ಮುಂದಕ್ಕೆ ಬಿಡಿ. ವರದಿ ಇದ್ದರೂ, ಎಷ್ಟು ಶೇಕಡಾ ಬೆರೆಸಬಹುದು ಅಂತ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿಯೇ ಹಾಕಿಸಿ. ಹಳೇ ಟ್ಯಾಂಕಿನ ಗಸಿಯನ್ನು ಬಯೋಡೀಸೆಲ್ ಕರಗಿಸಿ ಎಬ್ಬಿಸುತ್ತೆ, ಶುರುವಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳಬಹುದು. ಹಳೇ ರಬ್ಬರ್ ಪೈಪುಗಳು ಮೆತ್ತಗಾಗಬಹುದು. ನೀರನ್ನೂ ಬೇಗ ಎಳೆದುಕೊಳ್ಳುತ್ತೆ, ಹಾಗಾಗಿ ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಇಡೋ ವಸ್ತು ಅಲ್ಲ.

ಸೀಮೆಎಣ್ಣೆ, ಟೂಟಿ ಆಯಿಲ್, ಬಾಟಲಿ ಔಷಧಿ

ಸೀಮೆಎಣ್ಣೆ, ಪೆಟ್ರೋಲ್: ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್‌ಗೆ ಡೀಸೆಲ್ಲೇ ಗ್ರೀಸ್ ಇದ್ದ ಹಾಗೆ. ಇವೆರಡಕ್ಕೂ ಆ ಜಾರುವ ಗುಣ ಕಡಿಮೆ. ಪಂಪ್ ಸವೆಯುತ್ತೆ. ಸೀಮೆಎಣ್ಣೆ ಬೆರೆಸೋದು ಕಾನೂನಿನ ಪ್ರಕಾರ ಕಲಬೆರಕೆ ಕೂಡ.

ಹಳೇ ಇಂಜಿನ್ ಆಯಿಲ್: "ಸೋಸಿ ಹಾಕಿದ್ರೆ ಏನೂ ಆಗಲ್ಲ" ಅನ್ನೋರಿದ್ದಾರೆ. ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲಾ ಇರುತ್ತೆ. ಬಿಎಸ್ 6 ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ಅದನ್ನೇ ಡಿಪಿಎಫ್ ಅನ್ನೋದು. ಮಸಿಯನ್ನು ಅದು ಸುಟ್ಟುಕೊಳ್ಳುತ್ತೆ. ಆಯಿಲ್‌ನಲ್ಲಿರುವ ಲೋಹದ ಬೂದಿ ಸುಡಲ್ಲ, ಅಲ್ಲೇ ತುಂಬಿಕೊಳ್ಳುತ್ತೆ.

ಟೂಟಿ ಆಯಿಲ್: ಹಳೇ ಪಂಪಿನ ಗಾಡಿಯವರು ಹಾಕಿ ಸದ್ದು ಕಡಿಮೆ ಆಯ್ತು ಅಂತಾರೆ. ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ಹತ್ತು ಪಿಪಿಎಂಗೆ ಇಳಿದಿರೋದು ನಿಜ, ಗಂಧಕ ತೆಗೆಯುವಾಗ ಜಾರುವ ಗುಣ ಕಮ್ಮಿ ಆಗೋದೂ ನಿಜ. ಆದರೆ ಆ ಕೊರತೆಯನ್ನು ಸರಿಮಾಡಿಯೇ ಡೀಸೆಲ್ ಬಂಕಿಗೆ ಬರಬೇಕು, ಅದಕ್ಕೂ ಮಾನದಂಡ ಇದೆ. ನಾವು ಮೇಲಿಂದ ಸುರಿಯೋದು ಬೇಕಿಲ್ಲ.

ಮೈಲೇಜ್ ಹೆಚ್ಚಿಸುವ ಬಾಟಲಿ: ನಾಜಲ್ ತೊಳೆಯುವ, ಬೇಗ ಹೊತ್ತಿಕೊಳ್ಳುವಂತೆ ಮಾಡುವ ರಾಸಾಯನಿಕಗಳು ಇರೋದು ನಿಜ. ಆದರೆ ಬಂಕಿನ ಡೀಸೆಲ್‌ಗೆ ಸೀಟೇನ್ ಸಂಖ್ಯೆ ಕನಿಷ್ಠ 51 ಇರಲೇಬೇಕು, ಅಂದರೆ ಹೊತ್ತಿಕೊಳ್ಳುವ ಗುಣ ಆಗಲೇ ಇರುತ್ತೆ. ಒಂದು ಬಾಟಲಿಯಿಂದ ಮೈಲೇಜ್ ಕಾಲುಭಾಗ ಏರುತ್ತೆ ಅಂದರೆ ನಂಬಬೇಡಿ. ಗಾಡಿ ಕಂಪನಿ ಒಪ್ಪಿದ್ದನ್ನು ಬಿಟ್ಟು ಬೇರೆ ಬೇಡ.

ಯೂರಿಯಾ ವಿಷಯದಲ್ಲಿ ಮೈಮರೀಬೇಡಿ

ಕೆಲವು ಬಿಎಸ್ 6 ಗಾಡಿಗಳಿಗೆ ಬೇರೆ ಟ್ಯಾಂಕಿನಲ್ಲಿ ಡಿಇಎಫ್ ಹಾಕಬೇಕು. ಅದು ಶೇಕಡಾ 32.5 ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ಶುದ್ಧ ನೀರು. ಇದು ಗೊತ್ತಾದ ತಕ್ಷಣ ರೈತನ ತಲೆಗೆ ಏನು ಹೊಳೆಯುತ್ತೆ ಅಂತ ನನಗೂ ಗೊತ್ತು: ಮನೆಯಲ್ಲೇ ಮೂಟೆ ಇದೆಯಲ್ಲ!

ದಯವಿಟ್ಟು ಬೇಡ. ನಮಗೆ ಸಿಗುವ ಸಬ್ಸಿಡಿ ಯೂರಿಯಾಗೆ ಬೇವಿನ ಎಣ್ಣೆ ಲೇಪನ ಇರುತ್ತೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣ ಇರುತ್ತೆ. ಎರಡೂ ಸೇರಿ ಹೊಗೆ ಶುದ್ಧ ಮಾಡುವ ದುಬಾರಿ ಭಾಗವನ್ನೇ ಹಾಳು ಮಾಡುತ್ತವೆ. ಗೊಬ್ಬರದ ಯೂರಿಯಾವನ್ನು ಬೇರೆ ಕೆಲಸಕ್ಕೆ ತಿರುಗಿಸೋದು ಕಾನೂನುಬಾಹಿರ ಕೂಡ. ಇನ್ನೊಂದು, ಡಿಇಎಫ್ ಅನ್ನು ಮರೆತೂ ಡೀಸೆಲ್ ಟ್ಯಾಂಕಿಗೆ ಸುರಿಯಬೇಡಿ. ಸುರಿದುಬಿಟ್ಟರೆ ಕೀ ತಿರುಗಿಸದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಟ್ಯಾಂಕ್ ಖಾಲಿ ಮಾಡಿಸಿ.

ಲೆಕ್ಕ ಹಾಕೋಣ

ನಾನು ಮೊದಲೇ ಮಾಡಬೇಕಿದ್ದ ಲೆಕ್ಕ ಇದು. ಬೆಂಗಳೂರಿಗೆ ಹೋಗಿ ಬರೋಕೆ ಸುಮಾರು 20 ಲೀಟರ್ ಡೀಸೆಲ್. ಅದರಲ್ಲಿ ಹೊಂಗೆ ಎಣ್ಣೆ 4 ಲೀಟರ್. ಎರಡು ತಿಂಗಳಲ್ಲಿ 16 ಟ್ರಿಪ್, ಒಟ್ಟು 64 ಲೀಟರ್. ಬೀಜ ನಮ್ಮದೇ, ಆಯುವ ಕೂಲಿ ಮತ್ತು ಗಾಣದ ಖರ್ಚು ಕಳೆದು ಲೀಟರಿಗೆ 30 ರೂಪಾಯಿ ಉಳೀತು ಅಂದುಕೊಂಡಿದ್ದೆ. ಅಂದರೆ 1,920 ರೂಪಾಯಿ. ಇಂಜೆಕ್ಟರ್, ಫಿಲ್ಟರ್, ಟ್ಯಾಂಕ್ ತೊಳೆದದ್ದು, ಟೋಯಿಂಗ್, ಬಾಡಿದ ಸೊಪ್ಪು ಎಲ್ಲಾ ಸೇರಿ ಲಕ್ಷ ದಾಟಿತು. ಆ ತಿಂಗಳ ಕಂತನ್ನು ತಮ್ಮ ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ.

ಅಷ್ಟಕ್ಕೂ ಬೀಜ ಪುಕ್ಕಟೆಯಲ್ಲ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ 4 ಕೆಜಿ ಬೀಜ ಬೇಕು. ನಿಮ್ಮೂರಿನ ಬೀಜದ ದರವನ್ನು ನಾಲ್ಕರಿಂದ ಗುಣಿಸಿ, ಗಾಣದ ಕೂಲಿ ಕೂಡಿಸಿ, ಸಿಗುವ ಸುಮಾರು 3 ಕೆಜಿ ಹಿಂಡಿಯ ಬೆಲೆ ಕಳೆಯಿರಿ. ಬಂದ ಮೊತ್ತವನ್ನು ಬಂಕಿನ ರೇಟಿನ ಪಕ್ಕ ಇಟ್ಟು ನೋಡಿ. ಬಹಳ ಸಲ ಉಳಿತಾಯವೇ ಇರಲ್ಲ.

ಹಾಗಾದ್ರೆ ಏನು ಮಾಡೋದು?

1. ಹೊಂಗೆ ಎಣ್ಣೆ ಓಡಿಸಲೇಬೇಕು ಅಂದರೆ ಹಳೇ, ನಿಧಾನ ಓಟದ ಪಂಪ್‌ಸೆಟ್ಟಿನಲ್ಲಿ ಮಾತ್ರ. ಎರಡು ಟ್ಯಾಂಕ್ ಇರಲಿ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ತನ್ನಿ. ಇಂಜಿನ್ ಆಯಿಲ್ ಅರ್ಧ ಅವಧಿಗೇ ಬದಲಾಯಿಸಿ. ಮಸಿ ತೆಗೆಸೋ ಕೆಲಸ ಆಗಾಗ ಇದ್ದೇ ಇರುತ್ತೆ.

2. ಪಿಕಪ್, ಹೊಸ ಟ್ರ್ಯಾಕ್ಟರ್‌ಗೆ ಬಂಕಿನ ಡೀಸೆಲ್ ಬಿಟ್ಟು ಬೇರೇನೂ ಬೇಡ. ಔಷಧಿ ಸಿಂಪಡಣೆಗೆ ಬಳಸಿದ ಕ್ಯಾನಿನಲ್ಲಿ ಡೀಸೆಲ್ ತರಬೇಡಿ.

3. ಡೀಸೆಲ್ ಫಿಲ್ಟರ್ ತಳದ ನೀರನ್ನು ಕಾಲಕಾಲಕ್ಕೆ ಇಳಿಸಿ. ಏರ್ ಫಿಲ್ಟರ್ ಧೂಳು ಕೊಡವಿ, ಟೈರ್ ಗಾಳಿ ವಾರಕ್ಕೊಮ್ಮೆ ನೋಡಿ. ಲೋಡ್ ಇಳಿಸುವಾಗ ಇಂಜಿನ್ ಆಫ್ ಮಾಡಿ.

4. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಒಂದೇ ಗಾಡಿಯಲ್ಲಿ ಮಾಲು ಕಳಿಸಿ. ನಾವು ಈಗ ವಾರಕ್ಕೆ ಎರಡು ಟ್ರಿಪ್ ಬದಲು ಒಂದೂವರೆ ಲೆಕ್ಕಕ್ಕೆ ತಂದಿದ್ದೇವೆ. ಯಾವ ಎಣ್ಣೆಯೂ ಉಳಿಸದಷ್ಟು ಡೀಸೆಲ್ ಇದರಲ್ಲಿ ಉಳಿದಿದೆ.

5. ಹೊಂಗೆಯನ್ನು ಬಿಡಬೇಡಿ. ಹಿಂಡಿಯಲ್ಲಿ ಸುಮಾರು ಶೇಕಡಾ 4 ಸಾರಜನಕ ಇದೆ, ಅದೂ ನಿಧಾನವಾಗಿ ಬಿಡುವಂಥದ್ದು. ಎಣ್ಣೆ ರಸ ಹೀರುವ ಕೀಟಗಳಿಗೆ ಆಗುತ್ತೆ. ಇಂಜಿನ್‌ನಲ್ಲಿ ಸುಟ್ಟದ್ದಕ್ಕಿಂತ ತೋಟದಲ್ಲೇ ಅದರ ಬೆಲೆ ಜಾಸ್ತಿ.

ರಿಪೇರಿ ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ, ಇನ್ನುಳಿದ ಅರ್ಧವನ್ನೂ ಬಾಡಿಗೆಯಲ್ಲಿ ಸೇರಿಸಿ ತೀರಿಸ್ತಿದ್ದೇನೆ. ಹೋದ ತಿಂಗಳು ಬಳೆ ಮನೆಗೆ ಬಂತು. ಮೊನ್ನೆ ಬಂಕಿನಲ್ಲಿ ಟ್ಯಾಂಕ್ ತುಂಬಿಸ್ತಾ ತಮ್ಮ ಕೇಳಿದ, "ಅಣ್ಣಾ, ಮುಂದಿನ ವಾರ ಯಾವ ಪ್ರಯೋಗ?" ಪ್ರಯೋಗ ಇದೆ ಅಂದೆ, ಆದರೆ ಮೊದಲು ನನ್ನ ಹಳೇ ಪಂಪ್‌ಸೆಟ್ಟಿನ ಮೇಲೆ, ಸಾಲದ ಗಾಡಿಯ ಮೇಲಲ್ಲ. ನೀವೂ ಮೊಬೈಲ್‌ನಲ್ಲಿ ನೋಡಿದ್ದನ್ನು ಪರೀಕ್ಷೆ ಮಾಡೋದಾದರೆ, ಕೆಟ್ಟರೂ ಕಂತು ನಿಲ್ಲದಂಥ ಕಡೆ ಮಾಡಿ.