ಹಂದಿ ದೀಪಕ್ಕೆ ಬುದ್ಧಿ ಬರೆಯುವ ಅಗ್ಗದ ಸಾಧನ

ನಮ್ಮದು ದೇವದುರ್ಗ ತಾಲೂಕಿನ ಎರೆಹೊಲ. ತೊಗರಿ ಕಾಯಿ ಕಟ್ಟಿತು ಅಂದರೆ ಕಾಡುಹಂದಿ ಬಂತೆಂದೇ ಲೆಕ್ಕ. ರಾತ್ರಿ ಮಿನುಗುವ ಸೋಲಾರ್ ದೀಪವೊಂದನ್ನು ಮೂರು ಸಾವಿರ ಕೊಟ್ಟು ತಂದಿದ್ದೆ. ಎರಡೇ ತಿಂಗಳಿಗೆ ಕೆಟ್ಟಿತು. ಮಾರಿದವರು ‘ಹೊಸಾದು ತಗೊಳ್ರಿ’ ಅಂದರು. ಅಷ್ಟರಲ್ಲಿ ಎರಡು ರಾತ್ರಿಗೆ ಅರ್ಧ ಎಕರೆ ತೊಗರಿ ನೆಲ ಹಿಡಿದಿತ್ತು.

ಮಾನ್ವಿಯ ನನ್ನ ಅಕ್ಕನ ಮಗ ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಾನೆ. ಬಿಚ್ಚಿ ನೋಡಿ, ‘ಮಾವಾ, ಪ್ಲೇಟು, ಬ್ಯಾಟರಿ ಛಲೋ ಅದಾವ. ಐಸಿ ಒಂದೇ ಸತ್ತದ’ ಅಂದ. ಇದಕ್ಕೆ ಮೈಕ್ರೋಕಂಟ್ರೋಲರ್ ಅಂತಾರೆ. ನಾವು ಬದಲಿಗೆ ಹಾಕಿದ್ದು ಎಂಟು ಕಾಲಿನ ಅಟ್ಟೈನಿ 13. ನೂರು ರೂಪಾಯಿ ಒಳಗೇ ಸಿಕ್ಕಿತು. ಆದರೆ ಅಂಗಡಿಯಿಂದ ಬರುವಾಗ ಅದರ ತಲೆ ಖಾಲಿ. ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂಬುದನ್ನು ಕಂಪ್ಯೂಟರಿನಿಂದ ಅದರೊಳಗೆ ಬರೆಯಬೇಕು. ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಎಂದು ಹೆಸರು. ಕಂಪನಿಯ ಅಟ್ಮೆಲ್-ಐಸ್ ಹತ್ತು ಸಾವಿರ ದಾಟುತ್ತದೆ. ಐಸಿ ನೂರು, ಬರೆಯುವ ಕೋಲು ಹತ್ತು ಸಾವಿರ!

ಜರ್ಮನಿಯ ಥಾಮಸ್ ಫಿಶ್ಲ್ ಎಂಬುವರು ‘ಯುಎಸ್‌ಬಿ-ಎಎಸ್‌ಪಿ’ ಎಂಬ ಪ್ರೋಗ್ರಾಮರಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಹಿಂದೆ ನಾವು ಬೀಜ ಹಂಚಿಕೊಳ್ಳುತ್ತಿದ್ದ ಹಾಗೆ. ಬೇಕಾದದ್ದು ಒಂದು ಅಟ್ಮೆಗಾ 8 ಐಸಿ, 12 ಮೆಗಾಹರ್ಟ್ಸ್ ಕ್ರಿಸ್ಟಲ್, 3.6 ವೋಲ್ಟಿನ ಎರಡು ಜೀನರ್ ಡಯೋಡು, 68 ಓಮಿನ ಎರಡು ರೆಸಿಸ್ಟರು, ಇನ್ನಷ್ಟು ಚಿಲ್ಲರೆ ಸಾಮಾನು, ಹಳೆಯ ಯುಎಸ್‌ಬಿ ವೈರು. ಐಸಿ ನಡೆಯೋದು 5 ವೋಲ್ಟಿನಲ್ಲಿ, ಯುಎಸ್‌ಬಿಯ ಮಾಹಿತಿ ತಂತಿಗೆ ಅಷ್ಟು ಆಗದು. ಅದನ್ನು ತಡೆಯುವುದೇ ಜೀನರ್ ಕೆಲಸ. ನಮಗೆ ಮುನ್ನೂರರೊಳಗೆ ಮುಗಿಯಿತು. ತಯಾರಾದದ್ದೂ ಹೆಚ್ಚುಕಡಿಮೆ ಅಷ್ಟಕ್ಕೇ ಸಿಗುತ್ತದೆ. ಆದರೆ ಕೈಯಾರೆ ಮಾಡಿದ್ದು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಗೊತ್ತಾಗುತ್ತದೆ.

ಒಂದು ತೊಡಕು. ಅಟ್ಮೆಗಾ 8 ಕೂಡ ಖಾಲಿ ತಲೆಯದೇ. ಅದಕ್ಕೆ ಬರೆಯೋದು ಯಾರು? ‘ಹೆಪ್ಪಿಲ್ಲದ ಹಾಲು ಮೊಸರಾಗತದೇನ್ ಮಾವಾ?’ ಅಂದ ಹುಡುಗ. ಕಾಲೇಜಿನ ಗೆಳೆಯನಿಂದ ಆರ್ಡುಯಿನೋ ಹಲಗೆಯೊಂದನ್ನು ಒಂದು ದಿನಕ್ಕೆ ಕಡ ತಂದ. ಅದನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಲು ಬರುತ್ತದೆ. ಅದರಿಂದ ಹೆಪ್ಪು ಹಾಕಿದ್ದಾಯಿತು.

ಆರು ತಂತಿ ಜೋಡಿಸಿದೆವು: ಕರೆಂಟು, ನೆಲ, ರೀಸೆಟ್, ತಾಳ, ಹೋಗುವ ಮಾತು, ಬರುವ ಮಾತು. ಅಟ್ಟೈನಿ ಉತ್ತರವನ್ನೇ ಕೊಡಲಿಲ್ಲ. ಎರಡು ಐಸಿ ಸುಟ್ಟವೆಂದು ಬಿಸಾಕುವವರಿದ್ದೆವು. ನಿಜ ಏನೆಂದರೆ, ಹೊಸ ಅಟ್ಟೈನಿ 13 ಓಡುವುದು ಬರೀ 1.2 ಮೆಗಾಹರ್ಟ್ಸಿನಲ್ಲಿ. ಪ್ರೋಗ್ರಾಮರಿನ ತಾಳ ಅದಕ್ಕೆ ಜೋರಾಯಿತು. ನಕ್ಷೆಯಲ್ಲಿ ‘ನಿಧಾನ’ಕ್ಕೆಂದೇ ಒಂದು ಜಂಪರ್ ಇದೆ, ನಾವು ಕೂಡಿಸಿರಲಿಲ್ಲ. ಕೂಡಿಸಿದೊಡನೆ ಎರಡೂ ಮಾತಾಡಿದವು. ಐಸಿ ಸತ್ತಿತೆಂದು ಎಸೆಯುವ ಮುಂಚೆ ಇದನ್ನು ನೋಡಿರಿ.

ಹೊಲದಲ್ಲಿಟ್ಟರೆ ಇನ್ನೊಂದು ಕಾಟ. ಕತ್ತಲಾದೊಡನೆ ದೀಪ ಹೊತ್ತಿ, ಕೂಡಲೇ ಆರಿ, ಮತ್ತೆ ಹೊತ್ತಿ, ಬಿಡದೆ ಪಟಪಟ ಅನ್ನತೊಡಗಿತು. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗಿನ ಲೆಕ್ಕ ನೋಡುವ ಸಾಧನಕ್ಕೆ ಡೀಬಗರ್ ಅಂತಾರೆ. ಅಟ್ಟೈನಿ 13ಕ್ಕೆ ಅದು ರೀಸೆಟ್ ಕಾಲಿನಿಂದಲೇ ಆಗುತ್ತದೆ, ಆದರೆ ನಮ್ಮ ಪ್ರೋಗ್ರಾಮರಿಗೆ ಆ ಕೆಲಸ ಬರದು. ಬಡವರ ಉಪಾಯ ಮಾಡಿದೆವು: ಖಾಲಿ ಇದ್ದ ಕಾಲಿಗೆ ಒಂದು ರೂಪಾಯಿಯ ಎಲ್‌ಇಡಿ. ಐಸಿ ‘ಹಗಲು’ ಎಂದುಕೊಂಡಾಗ ಅದು ಹೊತ್ತಬೇಕು. ನಡುರಾತ್ರಿ ನೋಡಿದರೆ ಹೊತ್ತುತ್ತಿದೆ! ದೀಪದ ಬೆಳಕೇ ಬೆಳಕು ಅಳೆಯುವ ಕಣ್ಣಿಗೆ ಬಿದ್ದು, ಐಸಿಗೆ ಬೆಳಗಾಯಿತೆಂದು ಅನಿಸುತ್ತಿತ್ತು. ದೀಪ ಆರಿದ್ದಾಗ ಮಾತ್ರ ಕಣ್ಣು ತೆರೆದು ನೋಡುವಂತೆ ತಿದ್ದಿ ಬರೆದೆವು.

ಹಂದಿ ಬರೋದೇ ನಿಂತಿತೆಂದು ನಾನು ಬರೆಯೋದಿಲ್ಲ. ಒಂದೇ ನಮೂನೆ ಮಿನುಗಿದರೆ ಹದಿನೈದು ದಿನಕ್ಕೆ ಅವಕ್ಕೆ ರೂಢಿ ಆಗುತ್ತದೆ. ಈಗ ಹುಡುಗ ಊರಿಗೆ ಬಂದಾಗೆಲ್ಲ ಮಿನುಗುವ ಅಂತರ ಬದಲಿಸಿ ಬರೆದು ಹೋಗುತ್ತಾನೆ. ಹೋದ ವಾರ ನನಗೂ ಕಲಿಸಿದ. ಕಂಪ್ಯೂಟರ್ ಮಾತ್ರ ಅವನದೇ.