ಧಾರವಾಡದಲ್ಲಿ ಹುಟ್ಟಿದ ಬೌಲರ್: ಪಾಲವಣಕರ ಬಾಳೂ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ರಗ್ಬಿ, ಕ್ರಿಕೆಟ್‌ನಂಥ ಆಟಗಳು ದೇಶ ದೇಶಗಳ ನಡುವಿನ ಸ್ಪರ್ಧೆಗಳಾಗಿ ಬೆಳೆಯುತ್ತಿದ್ದಾಗ, ಆ ಹೊಸ ಕ್ರೀಡಾಲೋಕದಲ್ಲಿ ಭಾರತದ ಹೆಸರನ್ನು ಎತ್ತಿಹಿಡಿದವರಲ್ಲಿ ಧಾರವಾಡದಲ್ಲಿ ಜನಿಸಿದ ಪಾಲವಣಕರ ಬಾಳೂ ಪ್ರಮುಖರು. ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಗುರಿಯಾಗಿದ್ದ ಸಮುದಾಯಕ್ಕೆ ಸೇರಿದ ಅವರು ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನದ ಕೆಲಸ ಮಾಡುತ್ತ, ಅಭ್ಯಾಸಕ್ಕೆ ಬಂದ ಆಂಗ್ಲ ಆಟಗಾರರಿಗೆ ಗಂಟೆಗಟ್ಟಲೆ ಚೆಂಡೆಸೆದು, ಎಡಗೈ ಸ್ಪಿನ್ ಬೌಲಿಂಗ್, ಅಂದರೆ ನಿಧಾನಗತಿಯ ಚೆಂಡನ್ನು ನೆಲಕ್ಕೆ ತಾಗಿದ ಮೇಲೆ ತಿರುಗಿಸುವ ಕಲೆಯಲ್ಲಿ ಪಳಗಿದರು.

ಪುಣೆಯ ಹಿಂದೂ ತಂಡ ಅವರ ಪ್ರತಿಭೆಯನ್ನು ಬಳಸಿಕೊಂಡಿತಾದರೂ, ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದ ಸಹ ಆಟಗಾರರು, ವಿರಾಮದ ವೇಳೆ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಪ್ರತ್ಯೇಕವಾಗಿ ಚಹಾ ಕೊಡಿಸುತ್ತಿದ್ದರು. 1906ರಲ್ಲಿ ಹಿಂದೂ ತಂಡ ಮುಂಬೈಯಲ್ಲಿ ಯುರೋಪಿಯನ್ನರನ್ನು ಸೋಲಿಸಿದಾಗ ಆ ಗೆಲುವಿನಲ್ಲಿ ಬಾಳೂ ಅವರ ಬೌಲಿಂಗ್ ಪಾತ್ರ ಹಿರಿದಾಗಿತ್ತು. 1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ಅಖಿಲ ಭಾರತ ತಂಡ ಇಂಗ್ಲೆಂಡಿನಲ್ಲಿ ಹೆಚ್ಚು ಪಂದ್ಯಗಳನ್ನು ಸೋತರೂ, ಬಾಳೂ ಒಬ್ಬರೇ 114 ವಿಕೆಟ್ ಪಡೆದು ಅಲ್ಲಿನ ಮೆಚ್ಚುಗೆ ಗಳಿಸಿದರು.

ಇಷ್ಟೆಲ್ಲ ಸಾಧಿಸಿದರೂ ಹಿಂದೂ ತಂಡದ ನಾಯಕತ್ವ ಅಧಿಕೃತವಾಗಿ ಅವರ ಪಾಲಿಗೆ ಬರಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಒಲಿಯಿತು. ಮುಂದೆ ರಾಜಕೀಯಕ್ಕಿಳಿದ ಬಾಳೂ 1937ರ ಮುಂಬೈ ವಿಧಾನಸಭಾ ಚುನಾವಣೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರೆದುರು ಸ್ಪರ್ಧಿಸಿ ಸೋತರು, 1955ರಲ್ಲಿ ನಿಧನರಾದರು. ಭಾರತೀಯ ಕ್ರಿಕೆಟ್‌ನ ಮೊದಲ ಮಹಾನ್ ಬೌಲರ್ ಎನಿಸಿದ ಅವರ ಬದುಕು ಕನ್ನಡ ನಾಡಿನ ಶಾಲಾಮಕ್ಕಳಿಗೆ ತಿಳಿಯಬೇಕಾದ ಚರಿತ್ರೆ.